ಬೇಸಿಗೆಯ ಮಡು ಉಳಿಯದೆ ಗಾಳ ಉಳಿಯದು: ತುಂಗಭದ್ರೆ, ವರದೆ, ಮಲಪ್ರಭೆಯ ದಂಡೆಯವರೊಂದಿಗೆ ಒಂದು ಚರ್ಚೆ

ಹೊಳೆಸಾಲಿನವ, ರಾಣೆಬೆನ್ನೂರು ತಾಲ್ಲೂಕು

ಚೌಡಯ್ಯದಾನಪುರದಿಂದ ಗಳಗನಾಥದವರೆಗಿನ ತುಂಗಭದ್ರೆಯ ದಂಡೆಯಲ್ಲಿ ನಾನು ಮೂವತ್ತು ವರ್ಷಗಳಿಂದ ಗಾಳ ಹಾಕುತ್ತಾ ಬಂದಿದ್ದೇನೆ. ಈ ವರ್ಷ ಶಿವರಾತ್ರಿ ಕಳೆದ ಮೇಲೆ ಆ ದಾರಿಯಲ್ಲಿ ಎರಡು ದಿನ ಬರಿಗೈಯಲ್ಲಿ ನಡೆದೆ. ಚಿಕ್ಕಂದಿನಲ್ಲಿ ತಂದೆಯವರು ಹೆಸರು ಹಿಡಿದು ತೋರಿಸಿದ್ದ ಏಳು ಮಡುಗಳಲ್ಲಿ ಆಳದ ನೀರು ಉಳಿದಿದ್ದದ್ದು ಎರಡರಲ್ಲಿ ಮಾತ್ರ. ಮೂರು ಮಡುಗಳು ಉಸುಕು ತೆಗೆದ ಗುಂಡಿಗಳ ನಡುವೆ ಗುರುತೇ ಸಿಗದಂತಾಗಿವೆ. ಎರಡು ಹೂಳು ತುಂಬಿ ಮೊಣಕಾಲುದ್ದ ನೀರಿಗೆ ಇಳಿದಿವೆ. ಹವ್ಯಾಸಕ್ಕೆ ಮೀನು ಹಿಡಿಯುವ ನಮ್ಮಂಥವರ ಮಾತೆಲ್ಲ ಈಚೆಗೆ ‘ಇಲಾಖೆಯವರು ಹೊಳೆಗೆ ಇನ್ನಷ್ಟು ಮೀನುಮರಿ ಬಿಡಬೇಕು’ ಎಂಬಲ್ಲಿಗೆ ಬಂದು ನಿಲ್ಲುತ್ತದೆ. ಆ ಬೇಡಿಕೆಯೇ ದಾರಿ ತಪ್ಪಿದ್ದು ಎಂದು ಅನ್ನಿಸಿದ್ದರಿಂದ ಈ ಚರ್ಚೆಯನ್ನು ಆರಂಭಿಸುತ್ತಿದ್ದೇನೆ.

ಹೊಸಬರಿಗಾಗಿ ಮಡುವಿನ ವಿಷಯವನ್ನು ಸ್ವಲ್ಪ ವಿವರಿಸುತ್ತೇನೆ. ಹೊಳೆ ತಿರುಗುವಲ್ಲಿ, ಪ್ರವಾಹದ ನೀರು ಬಂಡೆಗೆ ಬಡಿದು ಸುಳಿಯುವಲ್ಲಿ ತಳ ಕೊರೆದು ಉಂಟಾಗುವ ಆಳದ ಜಾಗವೇ ಮಡು. ಫಾಲ್ಗುಣ, ಚೈತ್ರದ ಹೊತ್ತಿಗೆ ಹರಿವು ಎಳೆಯಾಗಿ, ಕೆಲವೆಡೆ ಪೂರ್ತಿ ಕಡಿದು ಹೋದಾಗ, ಹೊಳೆಯ ಮೀನೆಲ್ಲ ಬಂದು ಸೇರುವುದು ಅಲ್ಲಿಗೇ. ಮೇಲಿನ ನೀರು ಬಿಸಿಯೇರಿದರೂ ಬಂಡೆಯ ಬುಡದ ನೀರು ತಂಪಾಗಿರುತ್ತದೆ, ಸುತ್ತಲಿನ ಉಸುಕಿನಿಂದ ಒಸರುವ ನೀರು ಅದನ್ನು ಕೊಳೆಯಗೊಡುವುದಿಲ್ಲ. ಮೃಗಶಿರಾ ಮಳೆಗೆ ಹೊಸ ನೀರು ಬಂದಾಗ ಮೇಲಕ್ಕೆ ಹತ್ತಿ ಮೊಟ್ಟೆಯಿಡುವ ತಾಯಿಮೀನುಗಳು ಬೇಸಿಗೆಯ ಆ ಎರಡು ಮೂರು ತಿಂಗಳನ್ನು ಕಳೆಯುವುದು ಆ ಕೆಲವೇ ಜಾಗಗಳಲ್ಲಿ. ಒಂದು ಮಡು ಹಾಳಾದರೆ ಮುಂದಿನ ಮಳೆಗಾಲದಲ್ಲಿ ಹುಟ್ಟಬೇಕಾದ ಮೀನು ಹುಟ್ಟುವ ಮೊದಲೇ ಹೋದಂತೆ. ಅದಕ್ಕೇ ನಮ್ಮ ತಂದೆಯವರು ಬೇಸಿಗೆಯಲ್ಲಿ ಮಡುವಿನ ದಂಡೆಗೆ ಹೋಗಿ ಕೂತು ಬರುತ್ತಿದ್ದರೇ ಹೊರತು ಅಲ್ಲಿ ಗಾಳ ಹಾಕುತ್ತಿರಲಿಲ್ಲ. ನೆಂಟರ ಮನೆಗೆ ಊಟಕ್ಕೆ ಬಂದವರನ್ನು ಹಿಡಿಯಬಾರದು ಎನ್ನುತ್ತಿದ್ದರು.

ಉಸುಕು ತೆಗೆದ ಗುಂಡಿಯಲ್ಲೂ ನೀರು ನಿಲ್ಲುತ್ತದೆಯಲ್ಲ, ಅಲ್ಲೂ ಮೀನು ಇರಬಹುದಲ್ಲ ಎಂದು ಕೆಲವರು ಕೇಳುತ್ತಾರೆ. ಗುಂಡಿಗೂ ಮಡುವಿಗೂ ಅಜಗಜಾಂತರವಿದೆ. ಗುಂಡಿಗೆ ಬಂಡೆಯಿಲ್ಲ, ನೆರಳಿಲ್ಲ, ಅಡಗುವ ಸಂದಿಯಿಲ್ಲ. ಸುತ್ತಲಿನ ಉಸುಕು ಲಾರಿ ಹತ್ತಿ ಹೋಗಿರುವುದರಿಂದ ಒಸರು ನಿಂತಿರುತ್ತದೆ. ತಳದಲ್ಲಿ ಕೆಸರು ಕೊಳೆತು, ಏಪ್ರಿಲ್‌ನ ಬಿಸಿಲಿಗೆ ಅಲ್ಲಿ ಸಿಕ್ಕಿಬಿದ್ದ ಮೀನು ಸಾಯುತ್ತದೆ. ಈಜಲು ಇಳಿದ ಮಕ್ಕಳನ್ನು ಬಲಿ ತೆಗೆದುಕೊಳ್ಳುವುದೂ ಇಂಥ ಗುಂಡಿಗಳೇ. ಹೊಳೆಯ ಉಸುಕು ಮೇಲೆ ಒಣಗಿ ಕಂಡರೂ ಒಳಗೆ ನೀರನ್ನು ಹಿಡಿದಿಟ್ಟುಕೊಂಡು ಬೇಸಿಗೆಯುದ್ದಕ್ಕೂ ನಿಧಾನವಾಗಿ ಬಿಟ್ಟುಕೊಡುತ್ತದೆ. ಅದನ್ನು ತೆಗೆದವರು ದಂಡೆಯ ಬಾವಿಗಳ ನೀರನ್ನೂ ತೆಗೆದಂತಾಯಿತು.

ಇನ್ನು ಮರಿ ಬಿಡುವ ಮಾತು. ಹೊಳೆಗೆ ಮತ್ತು ಕೆರೆಗಳಿಗೆ ಬಿಡುವ ಕಾಟ್ಲಾ, ರೋಹು, ಮೃಗಾಲ್‌ಗಳು ಮೂಲತಃ ಗಂಗೆಯ ಬಯಲಿನ ಮೀನುಗಳು. ಕೆರೆಗಳಲ್ಲಿ ಅವುಗಳಿಂದ ಬಡವರ ಹೊಟ್ಟೆ ತುಂಬುತ್ತದೆ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಬಾಳೆಮೀನು, ಕೊರವ, ಹಾವುಮೀನು, ಕೃಷ್ಣಾ ಕಣಿವೆಯದೇ ಆದ ದಖ್ಖನ್ನಿನ ಮಹಸೀರ್ ಇವುಗಳನ್ನು ನಮ್ಮ ಹೊಳೆಗೆ ಯಾರೂ ಡಬ್ಬಿಯಲ್ಲಿ ತಂದು ಬಿಡುವುದಿಲ್ಲ. ಅವು ಹೊಳೆಯಲ್ಲೇ ಹುಟ್ಟಬೇಕು.

ಆದ್ದರಿಂದ ನನ್ನ ಪ್ರಸ್ತಾಪ ಹೀಗಿದೆ: ಮೃಗಶಿರಾ ಮಳೆಯಿಂದ ಹುಬ್ಬಾ ಮಳೆಯವರೆಗೆ ಹಾವೇರಿ, ಗದಗ, ಧಾರವಾಡ ಈ ಮೂರು ಜಿಲ್ಲೆಗಳ ಹೊಳೆಗಳಲ್ಲಿ ಯಾರೂ ಮೀನು ಹಿಡಿಯಬಾರದು, ಬೇಸಿಗೆಯಲ್ಲಿ ಮಡುಗಳನ್ನು ಮುಟ್ಟಬಾರದು, ಉಳಿದಿರುವ ಮಡುಗಳ ಪಟ್ಟಿಯನ್ನು ನಾವೇ ತಯಾರಿಸಿ, ಅವುಗಳ ಆಸುಪಾಸಿನಲ್ಲಿ ಉಸುಕು ತೆಗೆಯದಂತೆ ಜಿಲ್ಲಾಡಳಿತವನ್ನು ಒತ್ತಾಯಿಸಬೇಕು. ನಿಮ್ಮ ಅಭಿಪ್ರಾಯಗಳನ್ನು ಬರೆಯಿರಿ.

ಹರಗೋಲು, ಮುಂಡರಗಿ ತಾಲ್ಲೂಕು

ನಮ್ಮದು ಗಂಗಾಮತಸ್ಥರ ಮನೆ. ಅಜ್ಜ ಹರಗೋಲು ಹಾಕುತ್ತಿದ್ದರು, ತಂದೆ ಬಲೆ ಬೀಸಿದರು, ನಾನು ಈಗಲೂ ಅದೇ ಕೆಲಸದಲ್ಲಿದ್ದೇನೆ. ಅಂಬಿಗರ ಚೌಡಯ್ಯನವರ ಹೆಸರಿನ ಊರಿನಿಂದ ನೀವು ಮಾತು ಆರಂಭಿಸಿದ್ದು ಸಂತೋಷ. ಆ ಶರಣರು ದೋಣಿಯ ಹುಟ್ಟು ಹಾಕಿ ಬದುಕಿದವರು ಎಂಬುದನ್ನು ನೆನಪಿಸಿ ನನ್ನ ಮಾತು ಹೇಳುತ್ತೇನೆ.

ನೀವು ಮಡುವಿನ ಬಗ್ಗೆ ಬರೆದದ್ದೆಲ್ಲ ನಿಜ. ಆದರೆ ‘ಯಾರೂ ಹಿಡಿಯಬಾರದು’ ಎಂಬ ಸಾಲನ್ನು ನಾನು ಒಪ್ಪಲಾರೆ. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವುದಿಲ್ಲ. ಅಲ್ಲಿನ ಮೀನುಗಾರರಿಗೆ ಸಂಘಗಳಿವೆ, ಬಂದರುಗಳಿವೆ, ಕೇಳುವ ದನಿಯಿದೆ. ಒಳನಾಡಿನಲ್ಲಿ ಲೈಸೆನ್ಸಿಗೆ ಹಣ ಕಟ್ಟಿ, ದಿನಕ್ಕೆ ಎರಡು ಮೂರು ಕಿಲೋ ಮೀನಿನ ಮೇಲೆ ಬದುಕುವ ಕುಟುಂಬಕ್ಕೆ ಮೂರು ತಿಂಗಳು ಒಲೆ ಹೇಗೆ ಉರಿಯಬೇಕು ಎಂಬುದನ್ನು ಪ್ರಸ್ತಾಪದಲ್ಲಿ ನೀವು ಬರೆದಿಲ್ಲ. ಮೀನುಗಾರಿಕೆ ಇಲ್ಲದ ತಿಂಗಳುಗಳಿಗೆಂದು ಉಳಿತಾಯ ಮತ್ತು ಪರಿಹಾರದ ಸರ್ಕಾರಿ ಯೋಜನೆಯೊಂದು ಇದೆ, ಒಳನಾಡಿನವರೂ ಅದಕ್ಕೆ ಸೇರುತ್ತಾರೆ. ಆದರೆ ನಮ್ಮ ಓಣಿಯಲ್ಲಿ ಅದರ ಹಣವನ್ನು ಕೈಯಲ್ಲಿ ಎಣಿಸಿದವರು ಯಾರೂ ಇಲ್ಲ.

ಇನ್ನೊಂದು ಮಾತು. ಭಾನುವಾರ ಊರುಗಳಿಂದ ಬೈಕು, ಕಾರುಗಳಲ್ಲಿ ಬರುವ ಹವ್ಯಾಸಿಗಳಲ್ಲಿ ಒಳ್ಳೆಯವರೂ ಇದ್ದಾರೆ. ಆದರೆ ಮೊಟ್ಟೆ ತುಂಬಿದ ಮೀನನ್ನು ಎತ್ತಿ ಹಿಡಿದು ಫೋಟೊ ತೆಗೆದು, ಅರ್ಧ ತಾಸು ಬಿಸಿಲಿಗೆ ಇಟ್ಟು, ಆಮೇಲೆ ‘ಬಿಟ್ಟೆವು’ ಎಂದು ನೀರಿಗೆ ಎಸೆದು ಹೋಗುವವರನ್ನು ನಾನು ಕಂಡಿದ್ದೇನೆ. ಆ ಮೀನು ಸಂಜೆಗೆ ಹೊಟ್ಟೆ ಮೇಲಾಗಿ ತೇಲುತ್ತದೆ. ಹರಿದ ನೈಲಾನ್ ದಾರವನ್ನು ಅವರು ದಂಡೆಯ ಮುಳ್ಳುಗಂಟಿಯಲ್ಲೇ ಬಿಟ್ಟು ಹೋಗುತ್ತಾರೆ. ಕಳೆದ ಬೇಸಿಗೆಯಲ್ಲಿ ನೀರುಕಾಗೆಯೊಂದರ ಕಾಲಿನಿಂದ ಅಂಥ ದಾರವನ್ನು ನಾನೇ ಬಿಡಿಸಿದೆ.

ಹಮ್ಮಿಗಿಯ ಬ್ಯಾರೇಜು ಬಂದ ಮೇಲೆ ನಮ್ಮ ಹೊಳೆಯ ನಡೆಯೇ ಬದಲಾಗಿದೆ. ಮೇಲ್ಗಡೆ ನಿಂತ ನೀರು, ಕೆಳಗಡೆ ಗೇಟಿನವರು ಬಿಟ್ಟಷ್ಟು ನೀರು. ನಿಂತ ನೀರಿನಲ್ಲಿ ಜಿಲೇಬಿ ಮೀನು (ತಿಲಾಪಿಯಾ) ವಿಪರೀತ ಹೆಚ್ಚಿದೆ, ಬಾಳೆಮೀನು ಅಪರೂಪವಾಗಿದೆ. ಅಜ್ಜನ ಕಾಲದಲ್ಲಿ ಹೊಸ ನೀರಿಗೆ ಮೇಲೇರುತ್ತಿದ್ದ ಮೀನು ಈಗ ಗೋಡೆಯ ಬುಡದಲ್ಲಿ ಮುಖ ಬಡಿದುಕೊಂಡು ನಿಲ್ಲುತ್ತದೆ. ಅಲ್ಲಿಯೇ ಬಲೆ ಹಾಕುವವರೂ ಇದ್ದಾರೆ, ನಮ್ಮವರೂ ಇದ್ದಾರೆ ಎಂದು ಒಪ್ಪಿಕೊಳ್ಳುತ್ತೇನೆ. ನಿಷೇಧ ಬೇಕಾಗಿರುವುದು ಮೊದಲು ಆ ಜಾಗಕ್ಕೆ.

ವರದಾತೀರ, ಹಾನಗಲ್ ತಾಲ್ಲೂಕು

ನಾನು ರೈತ. ಗಾಳ ಹಾಕುವ ಅಭ್ಯಾಸ ಮಗನಿಂದ ಬಂದದ್ದು. ನಮ್ಮ ವರದೆಯ ಸ್ಥಿತಿ ತುಂಗಭದ್ರೆಗಿಂತ ಭಿನ್ನ. ಸಾಗರದ ಹತ್ತಿರದ ವರದಾಮೂಲದಲ್ಲಿ ಹುಟ್ಟಿ, ಬನವಾಸಿಯನ್ನು ಬಳಸಿ, ಕೂಡಲದಲ್ಲಿ ಧರ್ಮೆಯನ್ನು ಸೇರಿಸಿಕೊಂಡು ಗಳಗನಾಥದಲ್ಲಿ ತುಂಗಭದ್ರೆಗೆ ಸೇರುವ ಈ ಹೊಳೆ ಆಗಸ್ಟ್‌ನಲ್ಲಿ ಗದ್ದೆಗಳನ್ನು ಮುಳುಗಿಸುತ್ತದೆ, ಮಾರ್ಚ್‌ನಲ್ಲಿ ದನ ದಾಟಿಸಲು ಕಾಲು ತೋಯುವುದಿಲ್ಲ. ಎರಡೂ ದಂಡೆಗೆ ಪಂಪ್‌ಸೆಟ್‌ಗಳಿವೆ, ನನ್ನದೂ ಒಂದಿದೆ. ಕೊನೆಯ ಮಡುವಿನ ಕೊನೆಯ ಅಡಿ ನೀರನ್ನು ಎತ್ತುವಾಗ ಅದರಲ್ಲಿ ಮೀನು ಕುದಿಯುವಂತೆ ಹೊರಳುವುದನ್ನು ನೋಡಿಯೂ ಮೋಟಾರು ನಿಲ್ಲಿಸದ ದಿನಗಳು ನನ್ನ ಬದುಕಿನಲ್ಲಿವೆ. ಮೆಕ್ಕೆಜೋಳ ತೆನೆಗಟ್ಟುವ ಹೊತ್ತು ಅದು. ಇದನ್ನು ಬರೆಯಲು ನನಗೆ ಸಂಕೋಚವಾಗುತ್ತದೆ, ಆದರೆ ಮಡುವಿನ ಮಾತಾಡುವಾಗ ಪಂಪ್‌ಸೆಟ್ಟಿನ ಮಾತಾಡದಿದ್ದರೆ ಅದು ಅರ್ಧ ಸತ್ಯವಾಗುತ್ತದೆ.

ನಮ್ಮ ಕಡೆ ಮಲೆನಾಡಿನ ಅಂಚಿನ ಊರುಗಳಲ್ಲಿ ‘ಹತ್ತುಮೀನು’ ಹಿಡಿಯುವ ರೂಢಿ ಹಿಂದಿನಿಂದಲೂ ಇದೆ. ಮೊದಲ ಪ್ರವಾಹಕ್ಕೆ ಹಳ್ಳ, ಗದ್ದೆಗಳತ್ತ ಏರಿ ಬರುವ ಮೀನಿಗೆ ಕೂಳಿ ಒಡ್ಡುತ್ತಾರೆ. ಬಿದಿರಿನ ಕೂಳಿಯ ಸಂದಿಯಿಂದ ಸಣ್ಣ ಮೀನು ಪಾರಾಗುತ್ತಿತ್ತು, ಹಳ್ಳದ ಒಂದು ಬದಿಯನ್ನು ತೆರೆದಿಡುವ ಪದ್ಧತಿಯೂ ಇತ್ತು. ಈಗ ಹಳ್ಳದ ಅಡ್ಡಗಲಕ್ಕೂ ಸೊಳ್ಳೆಪರದೆ ಕಟ್ಟುತ್ತಾರೆ. ರೂಢಿಯ ಹೆಸರು ಹಾಗೆಯೇ ಉಳಿದಿದೆ, ಅದರೊಳಗಿನ ಮಿತಿ ಹೋಗಿದೆ. ಗಾಳದವರಿಗಿಂತ, ಬಲೆಯವರಿಗಿಂತ ಹೆಚ್ಚಿನ ನಾಶ ನಮ್ಮ ಭಾಗದಲ್ಲಿ ಇದರಿಂದ ಆಗುತ್ತಿದೆ ಎಂಬುದು ನನ್ನ ಅನುಭವ.

ಘಟ್ಟದ ಬೇಡ್ತಿ ಹೊಳೆಯ ನೀರನ್ನು ವರದೆಗೆ ತರುವ ಬೇಡ್ತಿ–ವರದಾ ಜೋಡಣೆಯಾದರೆ ಎಲ್ಲವೂ ಸರಿಹೋಗುತ್ತದೆ ಎಂದು ನಮ್ಮ ತಾಲ್ಲೂಕಿನಲ್ಲಿ ಬಹಳ ಜನ ನಂಬಿದ್ದಾರೆ. ನಾನೂ ನಂಬಿದ್ದೆ. ಈಗ ನನ್ನಲ್ಲಿ ಏಳುವ ಪ್ರಶ್ನೆ ಇಷ್ಟೇ: ಆಗಸ್ಟ್‌ನಲ್ಲಿ ಬಂದ ನಮ್ಮದೇ ನೀರನ್ನು ಕೆರೆಗಳಲ್ಲಿ ಹಿಡಿದಿಡದ ನಾವು, ಯಲ್ಲಾಪುರ, ಶಿರಸಿ ಕಡೆಯ ಜನ ಬೇಡವೆನ್ನುತ್ತಿರುವಾಗ ಘಟ್ಟದ ಹೊಳೆಯನ್ನು ಕೇಳುವುದು ಎಷ್ಟು ಸರಿ?

ಶಾಲ್ಮಲಾ, ಹುಬ್ಬಳ್ಳಿ

ನದಿ ಎಂದ ಕೂಡಲೇ ಅವಳಿನಗರದವರು ಅದು ಬೇರೆಯವರ ವಿಷಯವೆಂದು ಭಾವಿಸುತ್ತೇವೆ, ಏಕೆಂದರೆ ನಮ್ಮಲ್ಲಿ ದೊಡ್ಡ ಹೊಳೆ ಹರಿಯುವುದಿಲ್ಲ. ವಾಸ್ತವವಾಗಿ ನಾವು ಕುಳಿತಿರುವುದೇ ನೀರು ಇಬ್ಭಾಗವಾಗುವ ದಿಬ್ಬದ ಮೇಲೆ. ಧಾರವಾಡದ ಸೋಮೇಶ್ವರದಲ್ಲಿ ಹುಟ್ಟುವ ಶಾಲ್ಮಲೆ ಬೇಡ್ತಿಯ ಮೂಲಕ ಗಂಗಾವಳಿಯಾಗಿ ಅರಬ್ಬೀ ಸಮುದ್ರಕ್ಕೆ ಹೋಗುತ್ತದೆ. ಪೂರ್ವಕ್ಕೆ ಇಳಿದ ನೀರು ಬೆಣ್ಣೆಹಳ್ಳ, ತುಪ್ಪರಿಹಳ್ಳಗಳ ಮೂಲಕ ಮಲಪ್ರಭೆಗೆ, ಕೃಷ್ಣೆಗೆ, ಕೊನೆಗೆ ಬಂಗಾಳ ಕೊಲ್ಲಿಗೆ ಸೇರುತ್ತದೆ. ಒಂದು ಊರಿನ ಕೊಳೆ ಎರಡು ಕಡಲುಗಳತ್ತ ಹರಿಯಬಲ್ಲದು. ಹಳ್ಳಗಳಿಗೆ ಬೆಣ್ಣೆ, ತುಪ್ಪ ಎಂದು ಹೆಸರಿಟ್ಟ ಹಿರಿಯರ ಎದುರು ನಿಂತು ಈ ಮಾತು ಹೇಳಬೇಕಾಗಿ ಬಂದರೆ ನನಗೆ ಬಾಯಿ ಬಾರದು.

ಹುಬ್ಬಳ್ಳಿಯ ಚರಂಡಿ ನೀರಿನ ದೊಡ್ಡ ಪಾಲು ನಾಲಾಗಳ ಮೂಲಕ ಬಿಡನಾಳ, ಗಬ್ಬೂರಿನ ಕಡೆಗೆ ಹೋಗುತ್ತದೆ. ಅಲ್ಲಿನ ರೈತರು ಅದೇ ನೀರನ್ನು ಎತ್ತಿ ದಶಕಗಳಿಂದ ತರಕಾರಿ ಬೆಳೆಯುತ್ತಿದ್ದಾರೆ. ಅವರಿಗೆ ಬೇರೆ ನೀರಿಲ್ಲ, ಅವರನ್ನು ದೂರುವ ಅಧಿಕಾರ ಕೊಳೆ ಕಳಿಸುವ ನಮಗಿಲ್ಲ. ಮೀನಿನ ವಿಷಯದಲ್ಲಿ ಈ ಕೊಳೆ ಮಾಡುವ ಕೆಲಸವನ್ನು ಇಲ್ಲಿ ವಿವರಿಸುವುದು ಅಗತ್ಯ. ಮಲಿನ ನೀರಿನಲ್ಲಿರುವ ಸಾವಯವ ಕೊಳೆಯನ್ನು ಸೂಕ್ಷ್ಮಾಣುಗಳು ತಿನ್ನುವಾಗ ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಬಳಸಿಕೊಳ್ಳುತ್ತವೆ. ಚಳಿಗಾಲದಲ್ಲಿ ಹರಿವು ಇರುವಾಗ ಇದು ಹೇಗೋ ಸರಿದೂಗುತ್ತದೆ. ಬೇಸಿಗೆಯಲ್ಲಿ ಹರಿವು ನಿಂತು, ಬಿಸಿಯಾದ ನೀರು ಆಮ್ಲಜನಕವನ್ನು ಹಿಡಿದಿಡಲಾರದೆ ಹೋದಾಗ ಮೀನಿಗೆ ಉಸಿರು ಕಟ್ಟುತ್ತದೆ. ಬೆಳಗಿನ ಜಾವ ಮೀನುಗಳು ಮೇಲಕ್ಕೆ ಬಂದು ಬಾಯಿ ತೆರೆದು ನಿಲ್ಲುವುದನ್ನು ಉಣಕಲ್ ಕೆರೆಯ ದಂಡೆಯಲ್ಲಿ ನಡೆದಾಡುವವರು ಕಂಡಿರಬಹುದು. ಮೇ ತಿಂಗಳ ಮೊದಲ ಅಡ್ಡಮಳೆ ಇನ್ನೂ ಅಪಾಯಕಾರಿ, ಏಕೆಂದರೆ ಆರು ತಿಂಗಳು ಚರಂಡಿಗಳಲ್ಲಿ ಕುಳಿತ ಕೊಳೆಯನ್ನೆಲ್ಲ ಅದು ಒಂದೇ ರಾತ್ರಿಯಲ್ಲಿ ಹಳ್ಳಕ್ಕೆ ತಳ್ಳುತ್ತದೆ.

ಇಂಥ ನೀರಿನಲ್ಲೂ ದೊಡ್ಡ ಮೀನು ಸಿಕ್ಕಿತು ಎಂದು ಕೆಲವರು ಸಂತೋಷಪಡುತ್ತಾರೆ. ಅದು ಬಹುತೇಕ ಆಫ್ರಿಕನ್ ಕ್ಯಾಟ್‌ಫಿಶ್. ನೀರಿನಲ್ಲಿ ಆಮ್ಲಜನಕ ತೀರಿದರೂ ಮೇಲೆ ಬಂದು ಗಾಳಿಯನ್ನೇ ಉಸಿರಾಡಿ ಬದುಕಬಲ್ಲ, ಸಿಕ್ಕಿದ್ದನ್ನೆಲ್ಲ ತಿನ್ನಬಲ್ಲ ಈ ಮೀನಿನ ಸಾಕಣೆಯನ್ನು ನಮ್ಮ ದೇಶದಲ್ಲಿ 2000ದಲ್ಲೇ ನಿಷೇಧಿಸಲಾಗಿದೆ. ಗಾಳಕ್ಕೆ ಅದು ಬಿದ್ದರೆ ದಯವಿಟ್ಟು ಮತ್ತೆ ನೀರಿಗೆ ಬಿಡಬೇಡಿ. ಬಿಟ್ಟುಬಿಡುವುದೇ ಪುಣ್ಯವೆಂಬ ನಿಯಮ ಈ ಒಂದು ಮೀನಿಗೆ ಅನ್ವಯಿಸುವುದಿಲ್ಲ.

ಕೆಲಗೇರಿ ದಂಡೆ, ಧಾರವಾಡ

ಕಾನೂನು ಬಲ್ಲವರು ದಯವಿಟ್ಟು ತಿಳಿಸಬೇಕು. ಸಿಡಿಮದ್ದು ಎಸೆಯುವವರನ್ನು, ಮೈಲುತುತ್ತ, ಬ್ಲೀಚಿಂಗ್ ಪುಡಿ ಸುರಿಯುವವರನ್ನು, ಬ್ಯಾಟರಿ ಹಚ್ಚಿ ಕರೆಂಟು ಹೊಡೆಯುವವರನ್ನು ಕಂಡರೆ ನಾವು ಯಾವ ಆಧಾರದ ಮೇಲೆ ದೂರು ಕೊಡಬೇಕು? ಕಳೆದ ವರ್ಷ ನಾನು ಒಂದು ಕಚೇರಿಗೆ ಹೋದಾಗ ಇನ್ನೊಂದಕ್ಕೆ ಹೋಗಿರೆಂದರು, ಅಲ್ಲಿಂದ ಮೂರನೆಯದಕ್ಕೆ ಕಳಿಸಿದರು.

ಕಲಂ, ಹಾವೇರಿ

ನಾನು ವಕೀಲಿ ವೃತ್ತಿಯವನು. 1897ರ ಭಾರತೀಯ ಮೀನುಗಾರಿಕೆ ಕಾಯ್ದೆಯೇ ತನ್ನ 4ನೇ ಕಲಮಿನಲ್ಲಿ ಸ್ಫೋಟಕ ಬಳಸಿ ಮೀನು ಕೊಲ್ಲುವುದನ್ನೂ 5ನೇ ಕಲಮಿನಲ್ಲಿ ನೀರಿಗೆ ವಿಷ ಹಾಕುವುದನ್ನೂ ಅಪರಾಧವೆಂದಿತ್ತು. ನಮ್ಮ ರಾಜ್ಯಕ್ಕೆ 1996ರ ಒಳನಾಡು ಮೀನುಗಾರಿಕೆ ಕಾಯ್ದೆಯಿದೆ. ಲೈಸೆನ್ಸು, ಗುತ್ತಿಗೆ, ಸಂರಕ್ಷಣೆಗಳೆಲ್ಲ ಅದರ ವ್ಯಾಪ್ತಿಗೆ ಬರುತ್ತವೆ. ಕೊಳೆ ನೀರು ಬಿಡುವವರಿಗೆ 1974ರ ಜಲ ಮಾಲಿನ್ಯ ಕಾಯ್ದೆ ಅನ್ವಯಿಸುತ್ತದೆ. ದೂರನ್ನು ಬಾಯಿಮಾತಿನಲ್ಲಿ ಹೇಳದೆ ದಿನಾಂಕ, ಜಾಗ, ಫೋಟೊ ಸಹಿತ ಬರೆದು, ಮೀನುಗಾರಿಕೆ ಇಲಾಖೆಗೂ ಪೊಲೀಸ್ ಠಾಣೆಗೂ ಒಂದೊಂದು ಪ್ರತಿ ಕೊಟ್ಟು, ಸ್ವೀಕೃತಿ ಪಡೆಯಿರಿ. ಆಗ ಒಬ್ಬರು ಇನ್ನೊಬ್ಬರ ಕಡೆ ಕೈ ತೋರಿಸುವುದು ಕಷ್ಟವಾಗುತ್ತದೆ.

ಮಡುಗಳ ರಕ್ಷಣೆಗೆ ಇನ್ನೊಂದು ದಾರಿಯಿದೆ. ಇದೇ ತುಂಗಭದ್ರೆಯಲ್ಲಿ, ಹೊಸಪೇಟೆಯ ಅಣೆಕಟ್ಟಿನ ಕೆಳಗೆ ಮುದ್ಲಾಪುರದಿಂದ ಕಂಪ್ಲಿಯವರೆಗಿನ 34 ಕಿಲೋಮೀಟರ್ ಹರಿವನ್ನು 2015ರಲ್ಲಿ ನೀರುನಾಯಿ ಸಂರಕ್ಷಣಾ ಮೀಸಲು ಎಂದು ಘೋಷಿಸಲಾಯಿತು. ವನ್ಯಜೀವಿ ಕಾಯ್ದೆಯ 36ಎ ಕಲಮಿನ ಅಡಿಯಲ್ಲಿ ಇಂಥ ಮೀಸಲು ಘೋಷಿಸುವ ಮುನ್ನ ಸರ್ಕಾರ ಸ್ಥಳೀಯ ಸಮುದಾಯಗಳೊಂದಿಗೆ ಸಮಾಲೋಚಿಸಬೇಕು. ಅದರ ನಿರ್ವಹಣಾ ಸಮಿತಿಯಲ್ಲಿ ಗ್ರಾಮ ಪಂಚಾಯಿತಿಗಳ ಪ್ರತಿನಿಧಿಗಳಿರುತ್ತಾರೆ. ಅಣೆಕಟ್ಟಿನ ಕೆಳಗೆ ಆದದ್ದು ಮೇಲಿನ ನಮ್ಮ ಭಾಗದಲ್ಲಿ, ಕನಿಷ್ಠ ಗಳಗನಾಥದ ಸಂಗಮದ ಸುತ್ತ, ಏಕೆ ಆಗಬಾರದು?

ಮಲಪ್ರಭಾ, ರೋಣ ತಾಲ್ಲೂಕು

ಇಲ್ಲಿ ತುಂಗಭದ್ರೆಯ ಮಾತೇ ಹೆಚ್ಚಾಗಿರುವುದರಿಂದ ಮಲಪ್ರಭೆಯ ದಂಡೆಯಿಂದ ಕೆಲವು ಮಾತು ಬರೆಯುತ್ತೇನೆ. ನವಿಲುತೀರ್ಥದ ಅಣೆಕಟ್ಟು ಪೂರ್ಣವಾಗಿ ಐವತ್ತು ವರ್ಷ ದಾಟಿದೆ. ಅಲ್ಲಿಂದ ಕಾಲುವೆಗೆ ಬಿಡುವ ನೀರಿಗೆ ಲೆಕ್ಕವಿದೆ, ನಗರಗಳ ಕುಡಿಯುವ ನೀರಿಗೆ ಲೆಕ್ಕವಿದೆ. ಹೊಳೆಗಾಗಿ ಹೊಳೆಯಲ್ಲೇ ಹರಿಯಬೇಕಾದ ನೀರನ್ನು ಯಾರೂ ಲೆಕ್ಕಕ್ಕೆ ಹಿಡಿದದ್ದನ್ನು ನಾನು ಕಂಡಿಲ್ಲ. ವರ್ಷದ ಬಹುಭಾಗ ನಮ್ಮ ಕಡೆ ಪಾತ್ರವೆಂದರೆ ಜಾಲಿಕಂಟಿ ಬೆಳೆದ ತಗ್ಗು. ನೀರಿಲ್ಲದ ಹೊಳೆಯನ್ನು ಜನ ಹೊಳೆಯೆಂದು ಗೌರವಿಸುವುದನ್ನು ಬಿಟ್ಟರು, ಪಾತ್ರದೊಳಕ್ಕೆ ಹೊಲಗಳು ಇಳಿದವು, ಹೊಳೆ ಕಿರಿದಾಯಿತು. 2019ರ ಆಗಸ್ಟ್‌ನಲ್ಲಿ ಅಣೆಕಟ್ಟಿನಿಂದ ನೀರು ಬಿಟ್ಟಾಗ, ಬೆಣ್ಣೆಹಳ್ಳವೂ ಉಕ್ಕಿ ಮೆಣಸಗಿಯ ಬಳಿ ಸೇರಿದಾಗ, ಹೊಳೆಗೆ ತನ್ನ ಹಳೆಯ ಅಗಲವೇ ಬೇಕಾಯಿತು. ಕೊಣ್ಣೂರು, ಹೊಳೆಆಲೂರಿನ ಕಡೆಯ ಊರುಗಳು ಅನುಭವಿಸಿದ್ದನ್ನು ನಾನು ಮತ್ತೆ ಬರೆಯಬೇಕಿಲ್ಲ.

ಮಹದಾಯಿಗಾಗಿ ನಾವು ಬೀದಿಯಲ್ಲಿ ಕುಳಿತವರು. ನ್ಯಾಯಮಂಡಳಿ 2018ರ ಆಗಸ್ಟ್ 14ರಂದು ಕರ್ನಾಟಕಕ್ಕೆ ಹಂಚಿದ 13.42 ಟಿಎಂಸಿ ಅಡಿಯಲ್ಲಿ ಆ ಹೊಳೆಯ ನೀರನ್ನು ಮಲಪ್ರಭೆಗೆ ತಿರುಗಿಸುವ ಕಳಸಾ–ಬಂಡೂರಿ ಯೋಜನೆಗೆ ಸಿಕ್ಕಿದ್ದು 3.9. ಆ ನೀರು ನಮ್ಮ ಹಕ್ಕು ಎಂಬ ಮಾತಿನಿಂದ ನಾನು ಹಿಂದೆ ಸರಿಯುವುದಿಲ್ಲ, ಹಾನಗಲ್ಲಿನವರ ಸಂದೇಹಕ್ಕೆ ನನ್ನ ಗೌರವವಿದ್ದರೂ. ಕುಡಿಯುವ ನೀರಿಗೆ ವಾರಗಟ್ಟಲೆ ಕಾದವರ ಊರಿನಲ್ಲಿ ನಿಂತು ನೋಡಿದರೆ ಆ ಪ್ರಶ್ನೆ ಬೇರೆಯಾಗಿಯೇ ಕಾಣುತ್ತದೆ. ಆದರೆ ಅಷ್ಟು ವರ್ಷ ಹೋರಾಡಿದ ನಾವು ಬರುವ ನೀರಿನಲ್ಲಿ ಒಂದು ಪಾಲನ್ನು ಹೊಳೆಗೇ ಬಿಡಿ ಎಂದು ಒಮ್ಮೆಯೂ ಕೇಳಲಿಲ್ಲ. ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಪಟ್ಟೆತಲೆಯ ಹೆಬ್ಬಾತುಗಳು ಬರುತ್ತವೆಂದು ಜನ ಅದನ್ನು ಕಾಪಾಡಿದರು, 2024ರಲ್ಲಿ ಅದು ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೂ ಸೇರಿತು. ಮೀನು ನೀರಿನ ಒಳಗಿರುವುದರಿಂದ ಅದಕ್ಕೆ ಅಂಥ ನೆಂಟರು ಸಿಗಲಿಲ್ಲ.

ಕಾವೇರಿಯಲ್ಲಿ ಕೆಲಸ ಮಾಡಿದವ, ಈಗ ಹುಬ್ಬಳ್ಳಿ

ಗಾಳದ ಭವಿಷ್ಯದ ಪ್ರಶ್ನೆಗೆ ಕಾವೇರಿಯ ಅನುಭವ ಉಪಯೋಗಕ್ಕೆ ಬಂದೀತು. ಭೀಮೇಶ್ವರಿ, ದೊಡ್ಡಮಾಕಳಿ, ಗಾಳಿಬೋರೆಗಳಲ್ಲಿ ಹಿಡಿದು ಬಿಡುವ ಗಾಳದ ಶಿಬಿರಗಳು ದಶಕಗಳ ಕಾಲ ನಡೆದವು. ಅಲ್ಲಿ ಕಾವಲಿಗೆ, ಹರಗೋಲಿಗೆ ಸೇರಿದವರಲ್ಲಿ ಹಿಂದೆ ಸಿಡಿಮದ್ದು ಎಸೆದವರೂ ಇದ್ದರು. ಮೀನಿನ ಜಾಡು ಅವರಷ್ಟು ಬಲ್ಲವರು ಬೇರೆ ಇರಲಿಲ್ಲ. ವನ್ಯಜೀವಿ ಧಾಮದೊಳಗೆ ಗಾಳಕ್ಕೆ ಅವಕಾಶವಿಲ್ಲವೆಂದು ಮುಂದೆ ಆ ಶಿಬಿರಗಳ ಗಾಳ ನಿಂತಿತು. ಕಾನೂನಿನ ದೃಷ್ಟಿಯಿಂದ ಅದಕ್ಕೆ ಕಾರಣವಿತ್ತು. ಹೊಳೆಯ ದಂಡೆಯಲ್ಲಿ ರಾತ್ರಿ ಹಗಲು ಇರುತ್ತಿದ್ದ ಕಣ್ಣುಗಳು ಮಾತ್ರ ಕಡಿಮೆಯಾದವು.

ಮರಿ ಬಿಡುವ ವಿಷಯದಲ್ಲಿ ಮೂಲ ಬರಹದವರ ಮಾತಿಗೆ ಕಾವೇರಿಯೇ ಸಾಕ್ಷಿ. 1946ರಲ್ಲಿ ಮೈಸೂರಿನ ವಾನ್ ಇಂಗನ್ ಕುಟುಂಬದವರೊಬ್ಬರು ಕಬಿನಿಯಲ್ಲಿ 120 ಪೌಂಡ್ ತೂಕದ ಮಹಸೀರ್ ಹಿಡಿದಿದ್ದರು. ಅದು ಗೂನುಬೆನ್ನಿನ ಮಹಸೀರ್, ಕಾವೇರಿ ಕಣಿವೆಯನ್ನು ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ ಮೀನು. ಮೀನು ಹೆಚ್ಚಲಿ ಎಂಬ ಒಳ್ಳೆಯ ಉದ್ದೇಶದಿಂದಲೇ ಮಹಾರಾಷ್ಟ್ರದ ಲೋಣಾವಳದ ಮರಿ ಕೇಂದ್ರದ ದಖ್ಖನ್ ಮಹಸೀರ್ ಮರಿಗಳನ್ನು ಕಾವೇರಿಗೆ ಬಿಟ್ಟರು. ಅವು ಹೆಚ್ಚಿದವು, ಮೂಲದ ಮೀನು ಕುಗ್ಗಿತು. 2018ರಲ್ಲಿ ಅದು ಅತ್ಯಂತ ಅಪಾಯದಲ್ಲಿರುವ ಜೀವಿಗಳ ಕೆಂಪುಪಟ್ಟಿಗೆ ಸೇರಿತು. ಅಲ್ಲಿ ಹೊರಗಿನದಾದ ಆ ದಖ್ಖನ್ ಮಹಸೀರ್ ನಮ್ಮ ಕೃಷ್ಣಾ ಕಣಿವೆಗೆ ಸ್ವಂತ ಮೀನು. ನಮ್ಮ ತುಂಗಭದ್ರೆಯಲ್ಲಿ ಅದು ತಾನಾಗಿ ಬದುಕಬೇಕಾದರೆ ಅದಕ್ಕೆ ಬೇಕಾದದ್ದು ಹರಿಯುವ ನೀರು, ಮೊಟ್ಟೆಯಿಡಲು ಹರಳುಗಲ್ಲಿನ ತಳ, ಬೇಸಿಗೆಗೆ ಆಳದ ಮಡು. ಮೇಲೆ ತುಂಗೆಯಲ್ಲಿ, ಶೃಂಗೇರಿಯ ಮೆಟ್ಟಿಲುಗಳ ಬಳಿ, ತೀರ್ಥಹಳ್ಳಿ ಸೀಮೆಯ ಚಿಪ್ಪಲಗುಡ್ಡೆಯಲ್ಲಿ ದೇವರ ಮೀನೆಂದು ಜನ ಕಾಪಾಡಿದ ಮಡುಗಳಲ್ಲಿ ದೊಡ್ಡ ಮೀನುಗಳು ಇಂದಿಗೂ ಮೈತುಂಬಿಕೊಂಡು ತಿರುಗುತ್ತಿವೆ. ಅದೇ ನೀರು ನಮ್ಮ ಕಡೆಗೆ ಬರುತ್ತದೆ.

ಹರಗೋಲಿನವರು ಬರೆದ ಫೋಟೊದ ಮಾತಿಗೆ ಸೇರಿಸುತ್ತೇನೆ. ಹಿಡಿದು ಬಿಡುವವರು ಮುಳ್ಳು ಚಪ್ಪಟೆ ಮಾಡಿದ ಒಂಟಿ ಗಾಳ ಬಳಸಬೇಕು. ಮೀನಿನ ಮೈಮೇಲಿನ ಲೋಳೆ ಅದರ ರಕ್ಷಾಕವಚವಾದ್ದರಿಂದ ಕೈ ಒದ್ದೆ ಮಾಡಿಕೊಂಡೇ ಮುಟ್ಟಬೇಕು. ಮೀನನ್ನು ನೀರಿನಿಂದ ಎತ್ತದೆ ಗಾಳ ಬಿಡಿಸಿ, ಹರಿವಿಗೆ ಮುಖ ಮಾಡಿ ಹಿಡಿದು, ಅದು ತಾನಾಗಿ ಬಾಲ ಬೀಸುವವರೆಗೆ ಕಾಯಬೇಕು. ಮಾರ್ಚ್, ಏಪ್ರಿಲ್‌ನ ಬಿಸಿನೀರಿನಲ್ಲಿ ಹೀಗೆ ಮಾಡಿದರೂ ಮೀನು ಉಳಿಯುವ ಭರವಸೆಯಿಲ್ಲ. ಆ ತಿಂಗಳುಗಳಲ್ಲಿ ಗಾಳವನ್ನು ಮನೆಯಲ್ಲಿಡುವುದೇ ಸರಿ.

ಹೊಳೆಸಾಲಿನವ, ರಾಣೆಬೆನ್ನೂರು ತಾಲ್ಲೂಕು

ಎಲ್ಲರ ಮಾತನ್ನೂ ಎರಡೆರಡು ಬಾರಿ ಓದಿದೆ. ಹರಗೋಲಿನವರ ಆಕ್ಷೇಪ ನ್ಯಾಯವಾದದ್ದು. ‘ಯಾರೂ ಹಿಡಿಯಬಾರದು’ ಎಂದು ಬರೆಯುವಾಗ ನಾನು ಹವ್ಯಾಸಿಯ ಜಾಗದಲ್ಲಿ ಕುಳಿತು, ಕಸುಬಿನವರ ಪರವಾಗಿ ನಿರ್ಧಾರ ಮಾಡಿಬಿಟ್ಟಿದ್ದೆ. ಆ ಸಾಲನ್ನು ಹಿಂತೆಗೆದುಕೊಳ್ಳುತ್ತೇನೆ. ಮಳೆಗಾಲದ ಆ ತಿಂಗಳುಗಳಲ್ಲಿ ಗಾಳ ಹಾಕದಿರುವುದು ನಮ್ಮಂಥ ಹವ್ಯಾಸಿಗಳಿಗೆ ಈ ವರ್ಷದಿಂದಲೇ ಕಡ್ಡಾಯವಾಗಲಿ. ಕಸುಬಿನವರ ಬಲೆ ದೊಡ್ಡ ಕಣ್ಣಿನದ್ದಾಗಿರಲಿ, ಬ್ಯಾರೇಜುಗಳ ಬುಡ ಮತ್ತು ಹಳ್ಳಗಳ ಬಾಯಿ ಎಲ್ಲರಿಗೂ ನಿಷಿದ್ಧವಾಗಲಿ. ಪರಿಹಾರದ ಹಣ ಅವರ ಓಣಿಗೆ ತಲುಪುವಂತೆ ಮಾಡುವ ಅರ್ಜಿಯನ್ನು ನಾವು ಹವ್ಯಾಸಿಗಳೂ ಸೇರಿ ಬರೆಯಬೇಕು. ಅವರ ಮೂರು ತಿಂಗಳ ಪ್ರಶ್ನೆಗೆ ಉತ್ತರ ಸಿಗುವ ಮೊದಲು ಪೂರ್ಣ ನಿಷೇಧದ ಮಾತನ್ನು ನಾನು ಮತ್ತೆ ಎತ್ತುವುದಿಲ್ಲ.

ಹಾನಗಲ್ಲಿನವರ ಪಂಪ್‌ಸೆಟ್ಟಿನ ಮಾತು ನನ್ನನ್ನು ಬಹಳ ಹೊತ್ತು ಕಾಡಿತು. ಮಡುವಿನಲ್ಲಿ ಇಷ್ಟು ನೀರು ಉಳಿಯಲೇಬೇಕೆಂದು ಬಂಡೆಯ ಮೇಲೆ ಒಂದು ಗೆರೆ ಹಾಕಿ, ನೀರು ಆ ಗೆರೆಗೆ ಇಳಿದಾಗ ಎರಡೂ ದಂಡೆಯವರು ಮೋಟಾರು ನಿಲ್ಲಿಸುವ ಒಪ್ಪಂದ ಊರೊಳಗೇ ಆಗಬೇಕು. ಕೊನೆಯ ಒಂದು ಅಡಿಯ ನೀರಿನಿಂದ ಮೆಕ್ಕೆಜೋಳಕ್ಕೆ ಸಿಗುವುದು ಒಂದು ಸರತಿ. ಹೊಳೆ ಕಳೆದುಕೊಳ್ಳುವುದು ಒಂದು ಸಂತತಿ.

1980ರ ದಶಕದಲ್ಲಿ ಕುಮಾರಪಟ್ಟಣದ ಕೈಗಾರಿಕೆಯ ತ್ಯಾಜ್ಯದಿಂದ ತುಂಗಭದ್ರೆಯಲ್ಲಿ ಮೀನು ಸತ್ತು ತೇಲಿದಾಗ ಧಾರವಾಡದ ಸಮಾಜ ಪರಿವರ್ತನ ಸಮುದಾಯ ದಂಡೆಯ ಹಳ್ಳಿಗಳ ಜನರೊಂದಿಗೆ ಹೋರಾಟಕ್ಕಿಳಿದದ್ದು ಹಿರಿಯರಿಗೆ ನೆನಪಿರಬೇಕು. ನೀರು ಕೆಟ್ಟಿದೆ ಎಂದು ಮೊದಲು ತಿಳಿದವರು ನೀರಿನಲ್ಲಿ ಕೈಯಿಟ್ಟು ದುಡಿಯುತ್ತಿದ್ದ ಮೀನುಗಾರರು. ದೇಶದ 351 ಮಲಿನ ನದಿಭಾಗಗಳನ್ನು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2018ರಲ್ಲಿ ಪಟ್ಟಿ ಮಾಡಿದಾಗ ನಮ್ಮ ರಾಜ್ಯದ 17ರಲ್ಲಿ ತುಂಗಭದ್ರೆಯೂ ಮಲಪ್ರಭೆಯೂ ಸೇರಿದ್ದವು. ಪಟ್ಟಿ ಬರುವವರೆಗೆ ಕಾಯದೆ ಹೊಳೆಯ ಮೈ ನೋಡುತ್ತಿರುವವರು ಈಗಲೂ ಬಲೆಯವರೇ. ಮಡುಗಳ ದಾಖಲೆಯ ಕೆಲಸಕ್ಕೆ ಅವರೇ ಮುಂದಾಳುಗಳಾಗಬೇಕೆಂದು ಕೇಳಿಕೊಳ್ಳುತ್ತೇನೆ.

ಕೆಲಗೇರಿ ದಂಡೆ, ಧಾರವಾಡ

ಹಾಗಿದ್ದರೆ ಮಡುಗಳನ್ನೆಲ್ಲ ಮೊಬೈಲಿನ ನಕ್ಷೆಯಲ್ಲಿ ಗುರುತಿಸಿ ಎಲ್ಲರಿಗೂ ಕಾಣುವಂತೆ ಹಾಕಬಹುದಲ್ಲವೇ? ಆ ಕೆಲಸವನ್ನು ನಾನು ಮಾಡಿಕೊಡಬಲ್ಲೆ.

ಹರಗೋಲು, ಮುಂಡರಗಿ ತಾಲ್ಲೂಕು

ದಯವಿಟ್ಟು ಹಾಗೆ ಮಾಡಬೇಡಿ. ಬೇಸಿಗೆಯಲ್ಲಿ ಮೀನೆಲ್ಲ ಸೇರುವ ಜಾಗವನ್ನು ಎಲ್ಲರಿಗೂ ತೋರಿಸಿದರೆ ಮೊದಲು ಅಲ್ಲಿಗೆ ಬರುವವನು ಸಿಡಿಮದ್ದಿನವನು. ಮಡುಗಳ ಹೆಸರು ಅಧಿಕಾರಿಗಳಿಗೆ ಕೊಡುವ ಕಾಗದದಲ್ಲಿರಲಿ, ಆಯಾ ಊರಿನ ಪಂಚಾಯಿತಿಯಲ್ಲಿರಲಿ, ಇಲ್ಲಿ ಬೇಡ.

ಹೊಳೆಸಾಲಿನವರು ಮಾತು ಹಿಂತೆಗೆದುಕೊಂಡದ್ದು ನನಗೆ ಮುಟ್ಟಿದೆ. ನಮ್ಮ ಓಣಿಯ ಹಿರಿಯರೊಂದಿಗೆ ನಿನ್ನೆ ಸಂಜೆ ಕುಳಿತು ಇದನ್ನೆಲ್ಲ ಓದಿ ಹೇಳಿದೆ. ಬ್ಯಾರೇಜಿನ ಬುಡದಲ್ಲಿ ಬಲೆ ಹಾಕುವ ನಮ್ಮವರ ಬಗ್ಗೆ ನಾನು ಬರೆದದ್ದಕ್ಕೆ ಇಬ್ಬರು ಸಿಟ್ಟಾದರು, ಒಬ್ಬರು ಎದ್ದು ಹೋದರು. ಉಳಿದವರು ಮಡುಗಳನ್ನು ಅಳೆಯಲು ಬರುತ್ತೇವೆ ಎಂದಿದ್ದಾರೆ. ಯುಗಾದಿಗೆ ಮುಂಚಿನ ವಾರ ನೀರು ತಿಳಿಯಾಗಿರುತ್ತದೆ, ಬಂಡೆಗಳು ಕಾಣುತ್ತವೆ. ಎರಡು ಹರಗೋಲು ನಮ್ಮಲ್ಲಿವೆ. ನೀವು ಹಗ್ಗ ತನ್ನಿ, ಮೊಳಕ್ಕೊಂದು ಗಂಟು ಹಾಕಿ ತನ್ನಿ. ನಮ್ಮ ಅಜ್ಜ ಒಂದು ಮಡುವಿಗೆ ‘ಐದಾಳು ಮಡು’ ಎನ್ನುತ್ತಿದ್ದರು. ಅದರಲ್ಲಿ ಈಗ ಎಷ್ಟು ಆಳು ನೀರು ಉಳಿದಿದೆ ಎಂದು ನಾನೂ ಇಳಿಸಿ ನೋಡಿಲ್ಲ.